ಅಮ್ಮನೋರ ಕಬ್ಬು

1976ರ ಜನವರಿಯಲ್ಲಿ ಮದ್ದೂರು–ಮಳವಳ್ಳಿ ರಸ್ತೆಯ ಪಕ್ಕದ ಗದ್ದೆಯೊಂದರಲ್ಲಿ ಕಬ್ಬು ಕಟಾವಾಯಿತು. ರಸ್ತೆಗೆ ತಾಗಿದ ಮೂಲೆಯಲ್ಲಿ ಒಂದು ಕೋಣೆಯಷ್ಟು ಜಾಗದ ಕಬ್ಬನ್ನು ಕಡಿಯದೆ ಬಿಟ್ಟರು. ಬಿಟ್ಟದ್ದು ನನ್ನ ಅಕ್ಕನಿಗಾಗಿ.

ಅಕ್ಕ ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅಲ್ಲಿ ಬಾಡಿಗೆಗೆ ಹಿಡಿದಿದ್ದ ಮನೆಯ ಯಜಮಾನರು, ಕಕ್ಕಸು ವಠಾರದ ಎಲ್ಲರಿಗೂ ಸೇರಿದ್ದು, ನೀವೊಬ್ಬರೇ ಹಿಡಿದು ಕೂತರೆ ಹೇಗೆ ಎಂದು ಹೇಳಿ ಅವಳಿಂದ ಮನೆ ಖಾಲಿ ಮಾಡಿಸಿದ್ದರು. ಆಮೇಲೆ ಮದ್ದೂರಿನ ನಮ್ಮ ಮನೆಯಿಂದಲೇ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ನಾನು ಪತ್ರಿಕೆಯೊಂದಕ್ಕೆ ಜಿಲ್ಲೆಯ ಸುದ್ದಿ ಕಳಿಸುತ್ತಿದ್ದೆ. ಮಳವಳ್ಳಿಯ ಕಚೇರಿಗಳಲ್ಲಿ ಕೆಲಸವಿದ್ದ ದಿನ ಅದೇ ಬಸ್ಸು ಹತ್ತುತ್ತಿದ್ದೆ.

ಅವಳ ಕಾಯಿಲೆಗೆ ಹಲವು ಹೆಸರಿದ್ದವು. ರಕ್ತದ ವಿಷಯ ಕೇಳಿದವರು ಮೂಲವ್ಯಾಧಿ ಎಂದರು. ಓಡಾಟ ಕಂಡವರು ಆಮಶಂಕೆ ಎಂದರು. ಅವಳು ಸೊರಗಿದ್ದನ್ನು ಮಾತ್ರ ಕಂಡವರು ಬೇಗ ಮದುವೆ ಮಾಡಿ ಎಂದರು. ಕೊನೆಗೆ ಮೈಸೂರಿನ ಡಾಕ್ಟರೊಬ್ಬರು ಪರೀಕ್ಷೆ ಮಾಡಿ, ದೊಡ್ಡ ಕರುಳಿನ ಒಳಗೋಡೆಯಲ್ಲಿ ಹುಣ್ಣಾಗಿದೆ, ಕೆಲವು ಕಾಲ ಸುಮ್ಮನಿದ್ದು ಮತ್ತೆ ಕೆರಳುತ್ತದೆ, ಯಾರಿಗೂ ಅಂಟುವುದಿಲ್ಲ, ಪೂರ್ತಿ ಹೋಗುವುದೂ ಇಲ್ಲ ಎಂದರು. ಯಾಕೆ ಬಂತು ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದರು. ಅಕ್ಕನಿಗೆ ಅವರ ಮೇಲೆ ನಂಬಿಕೆ ಬಂದದ್ದು ಆ ಉತ್ತರದಿಂದ.

ಬಸ್ಸನ್ನು ಮೊದಲ ಸಲ ನಿಲ್ಲಿಸಿದ ದಿನ ನಾನು ಹಿಂದಿನ ಸೀಟಿನಲ್ಲಿದ್ದೆ. ಅಕ್ಕ ಎದ್ದು ಕಂಡಕ್ಟರನ ಹತ್ತಿರ ಹೋದಳು.

“ವಾಂತಿಯೇನಮ್ಮಾ?” ಎಂದ ಅವನು.

“ಅಲ್ಲ, ಭೇದಿ. ಬಸ್ ನಿಲ್ಸಿ.”

ಬಸ್ಸು ನಿಂತಿತು. ಎರಡೂ ಕಡೆ ಆಳೆತ್ತರ ಮೀರಿದ ಕಬ್ಬು. ಅಕ್ಕ ಕೈಚೀಲದಿಂದ ನೀರಿನ ಬಾಟಲಿ ತೆಗೆದುಕೊಂಡು ಇಳಿದಳು. ವಾಪಸು ಬಂದಾಗ ನನ್ನ ಪಕ್ಕದವನು ಕೂಗಿದ: “ಕಬ್ಬು ಸೀಯಾಗಿತ್ತಾ ಟೀಚರಮ್ಮ?”

“ನೀನೂ ಹೋಗಿ ಬಾಪ್ಪ. ಕಾಯ್ತೀವಿ.”



ಕಾಯಿಲೆ ಕೆರಳಿದ ವಾರಗಳಲ್ಲಿ ಅಕ್ಕ ಅದೇ ಜಾಗದಲ್ಲಿ ಇಳಿಯುತ್ತಿದ್ದಳು. ಡ್ರೈವರು ಕೇಳದೆಯೇ ಬ್ರೇಕು ಹಾಕುವುದನ್ನು ಕಲಿತ. ಡಿಸೆಂಬರಿನ ಒಂದು ಬೆಳಿಗ್ಗೆ ಗದ್ದೆಯ ಯಜಮಾನ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದ. ಕಬ್ಬಿನ ಸಾಲಿನಿಂದ ಹೊರಬಂದ ಅಕ್ಕನನ್ನು ಕೇಳಿದ: “ಅಮ್ಮನೋರೇ, ಕಟಾವಿಗೆ ಯಾವಾಗ ಅಪ್ಣೆ ಕೊಡುಸ್ತೀರಿ?”

ಸಕ್ಕರೆ ಕಾರ್ಖಾನೆಯವರು ಯಾರೋ ಬಂದು ತನ್ನ ಕಬ್ಬನ್ನು ಮೇಲಿಂದ ಮೇಲೆ ನೋಡಿ ಹೋಗುತ್ತಿದ್ದಾರೆ ಎಂದು ಅವನು ತಿಳಿದಿದ್ದ. ಅಕ್ಕ ಇದ್ದದ್ದನ್ನು ಹೇಳಿದಳು.

“ಅಂಗಾ. ಬರೋ ತಿಂಗ್ಳು ಕಡೀತೀವಲ್ಲ, ಆಮ್ಯಾಕೆ?”

ಅಕ್ಕನಿಗೂ ಇದ್ದದ್ದು ಅದೇ ಪ್ರಶ್ನೆ. ಆ ಭಾಗದ ಕಬ್ಬೆಲ್ಲ ಒಂದೇ ಹಂಗಾಮಿನಲ್ಲಿ ಕಡಿದು ಹೋಗುತ್ತದೆ. ಆಮೇಲೆ ದಾರಿಯುದ್ದಕ್ಕೂ ಬಟ್ಟಬಯಲು. ಜನವರಿಗೆ ಕೆಲಸ ಬಿಡುತ್ತೇನೆ ಎಂದು ಅವಳು ಮನೆಯಲ್ಲಿ ಆಗಲೇ ಹೇಳಿದ್ದಳು. ಒಂದು ಮೂಲೆ ಉಳಿಸಲು ಆಗುತ್ತದೆಯೇ ಎಂದು ಅವನನ್ನೇ ಕೇಳಿದಳು. ಉಳಿದ ಕಬ್ಬು ಒಣಗುತ್ತದೆ, ಕಾರ್ಖಾನೆಯವರು ಕೇಳುತ್ತಾರೆ ಎಂದು ಅವನು ರಾಗ ಎಳೆದ. ಹಿಂದೆ ಹುಲ್ಲು ಕುಯ್ಯುತ್ತಿದ್ದ ಅವನ ಹೆಂಡತಿ ತಲೆ ಎತ್ತಿದಳು.

“ಬುಡು ಅತ್ಲಾಗೆ. ಒಂದು ಮೂಲೆ ಕಬ್ಬು ಕಮ್ಮಿಯಾದ್ರೆ ಅವ್ರ ಕಾರ್ಖಾನೆ ನಿಂತೋಯ್ತದಾ?”

ಕಬ್ಬು ಉಳಿಯಿತು. ಕಾರ್ಖಾನೆಯ ಫೀಲ್ಡ್‌ಮ್ಯಾನ್ ಬಂದು ಈ ಮೂಲೆ ಯಾಕೆ ಕಡಿದಿಲ್ಲ ಎಂದು ಕೇಳಿದ. ಯಜಮಾನ ನಿಜವನ್ನೇ ಹೇಳಿದ: “ಅದು ಅಮ್ಮನೋರ್ಗೆ ಬುಟ್ಟಿರೋದು ಕಣಪ್ಪ.”

ನಮ್ಮ ಕಡೆ ಮೇಡಂ ಎಂದು ಬಾಯಿ ತಿರುಗದವರಿಗೆ ಶಾಲೆ ಕಲಿಸುವ ಹೆಂಗಸೂ ಕಚೇರಿಯ ಹೆಂಗಸೂ ಅಮ್ಮನೋರು. ಗುಡಿಯಲ್ಲಿರುವ ಊರದೇವತೆಯೂ ಅಮ್ಮನೋರು. ಫೀಲ್ಡ್‌ಮ್ಯಾನ್ ಚಪ್ಪಲಿ ಬಿಟ್ಟು ಕೈಮುಗಿದು ಹೋದ.

ಒಂದು ವಾರದೊಳಗೆ ಮುಂದಿನ ಸಾಲಿನ ಕಬ್ಬಿಗೆ ಅರಿಸಿನ ಕುಂಕುಮ ಬಿತ್ತು. ಆಮೇಲೆ ಬೇವಿನ ಸೊಪ್ಪು ಕಟ್ಟಿದರು. ಯಾರೋ ತೆಂಗಿನಕಾಯಿ ಒಡೆದಿದ್ದರು. ಡ್ರೈವರು ಬ್ರೇಕು ಹಾಕುವುದನ್ನು ಬಿಟ್ಟು ಹಾರನ್ ಹೊಡೆದು ನಮಸ್ಕಾರ ಮಾಡತೊಡಗಿದ. ಹೊಸ ಪ್ರಯಾಣಿಕರು ಕೆನ್ನೆ ಮುಟ್ಟಿಕೊಂಡರು. ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು. ಆಗ ಕಾಯಿಲೆ ಸುಮ್ಮನಿತ್ತು. ಆ ಮರೆಯೂ ಕೈತಪ್ಪಿತು, ಇನ್ನೊಮ್ಮೆ ಕೆರಳಿದ ದಿನವೇ ಕೆಲಸದ ಕೊನೆಯ ದಿನ ಎಂದು ಮನೆಯಲ್ಲಿ ಹೇಳಿದಳು. ನಮ್ಮ ತಾಯಿ, “ದೇವಿ ಹತ್ರಾನೇ ಕೇಳ್ಕೋ ಹೋಗೇ” ಎಂದರು.

ಫೆಬ್ರವರಿಯಲ್ಲಿ ಕೆರಳಿತು. ಅಕ್ಕ ಬಸ್ಸು ನಿಲ್ಲಿಸಿ ಇಳಿದಳು. ಕಬ್ಬಿನ ಮುಂದೆ ಹಳ್ಳಿಯ ಹೆಂಗಸೊಬ್ಬಳು ಹೂವು ಏರಿಸುತ್ತಿದ್ದಳು. ಅಕ್ಕನ ಕೈಯ ಬಾಟಲಿ ನೋಡಿ ಅಡ್ಡ ನಿಂತಳು.

“ಏನಮ್ಮಾ, ಓದ್ದೋರು ನೀವು! ಅಮ್ಮನೋರ ತಾವ್ಕೆ ನೀರು ಇಡ್ಕಂಡು ಓಯ್ತಿದ್ದೀರಲ್ಲ, ಕಣ್ಣು ಕಾಣಾಕಿಲ್ವಾ?”

“ಆ ಅಮ್ಮನೋರು ನಾನೇ ಕಣಮ್ಮ. ದಾರಿ ಬಿಡು. ಬಂದು ಹೇಳ್ತೀನಿ.”

ಹೆಂಗಸು ದಾರಿ ಬಿಟ್ಟಳು. ಬಸ್ಸಿನೊಳಗೆ ಒಬ್ಬ ಮುದುಕ ಕೈಮುಗಿದ.

ಅಕ್ಕ ಬಂದು ಹೇಳಿದಳು. ಕರುಳಿನಲ್ಲಿ ಹುಣ್ಣು, ಬಂತೆಂದರೆ ತಡೆಯಲಾಗುವುದಿಲ್ಲ, ಕಬ್ಬು ಬಿಟ್ಟಿದ್ದು ಅದಕ್ಕೆ. ಬಸ್ಸಿನ ಒಂದು ಕಡೆಯ ಕಿಟಕಿಗಳಲ್ಲೆಲ್ಲ ತಲೆಗಳಿದ್ದವು. ಅವಳು ದನಿ ಇಳಿಸಲಿಲ್ಲ. ದನಿ ಇಳಿಸಿದವಳು ಆ ಹೆಂಗಸು.

“ರಕ್ತ ಓಯ್ತದಾ?”

“ಹೂಂ.”

“ಉಣ್ತಾ ಉಣ್ತಾ ಎದ್ದು ಓಡ್ಬೇಕಾಯ್ತದಾ?”

“ಹೂಂ.”

“ನಮ್ಮ ಸೊಸೆಗೂ ಅಂಗೇಯ. ಅಂಟ್ಕತದೆ ಅಂತ ಕೊಟ್ಟಿಗೇಲಿ ಮಲಗ್ಸಿವ್ನಿ. ತಟ್ಟೆ ಬ್ಯಾರೆ ಮಡಗಿವ್ನಿ.”

“ಅಂಟಲ್ಲ. ಅಂಟೋ ಹಾಗಿದ್ರೆ ಈ ಬಸ್ಸಲ್ಲಿ ಯಾರೂ ಉಳೀತಿರ್ಲಿಲ್ಲ. ಇವತ್ತೇ ಒಳಗೆ ಕರ್ಕೊಳ್ಳಿ. ಭಾನುವಾರ ನಾನೇ ಬರ್ತೀನಿ.”

ಕಂಡಕ್ಟರ್ ವಿಸಿಲ್ ಊದಲಿಲ್ಲ. ಮಾತು ಮುಗಿಯುವವರೆಗೆ ಬಸ್ಸು ಕಾದು ನಿಂತಿತು.

ಭಾನುವಾರ ಅಕ್ಕನ ಜೊತೆ ನಾನೂ ಹೋದೆ. ಸೊಸೆಗೆ ಇನ್ನೂ ಇಪ್ಪತ್ತಾಗಿರಲಿಲ್ಲ. ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕೊಟ್ಟಿಗೆಯಿಂದ ಕರೆದುಕೊಂಡಿದ್ದರು, ತಟ್ಟೆ ಮಾತ್ರ ಇನ್ನೂ ಬೇರೆಯೇ ಇತ್ತು. ಅಕ್ಕ ಅದೇ ತಟ್ಟೆಯಲ್ಲಿ ಮುದ್ದೆ ಹಾಕಿಸಿಕೊಂಡು ಉಂಡಳು. ಮರುವಾರ ಆ ಸೊಸೆಯನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಅದೇ ಕಾಯಿಲೆ ಎಂದು ಹೇಳಿ ಅಕ್ಕನಿಗೆ ಕೊಟ್ಟಿದ್ದ ಹಳದಿ ಮಾತ್ರೆಯನ್ನೇ ಬರೆದುಕೊಟ್ಟರು.

ಸುದ್ದಿ ಬಸ್ಸಿನಿಂದ ಬಸ್ಸಿಗೆ ಹರಡಿತು. ಆತಗೂರಿನ ಕಡೆಯಿಂದ ಒಬ್ಬ ದರ್ಜಿ ಅಕ್ಕನನ್ನು ಹುಡುಕಿಕೊಂಡು ನಮ್ಮ ಮನೆಗೆ ಬಂದ. ಹನಕೆರೆಯಿಂದ ಒಬ್ಬಾಕೆ ಗಂಡನಿಗೆ ತಿಳಿಯದಂತೆ ಬಂದಳು, ಮುಂದಿನ ಸಲ ಗಂಡನನ್ನೇ ಕರೆತಂದಳು. ಬಂದವರಲ್ಲಿ ಹೆಚ್ಚಿನವರಿಗೆ ಬರಿಯ ಆಮಶಂಕೆ. ಅವರನ್ನು ಅಕ್ಕ ಮದ್ದೂರಿನ ಆಸ್ಪತ್ರೆಗೆ ಕಳಿಸಿದಳು. ಉಳಿದವರ ಮನೆಗಳಿಗೆ ಹೋಗಿ ಅತ್ತೆಯರ ಹತ್ತಿರ, ಅಣ್ಣಂದಿರ ಹತ್ತಿರ ಒಂದೇ ಮಾತನ್ನು ಹೇಳುತ್ತಿದ್ದಳು: ಅಂಟುವುದಿಲ್ಲ, ಮಾತ್ರೆ ನಿಲ್ಲಿಸಬೇಡಿ, ಕೂತಲ್ಲಿಂದ ಎದ್ದು ಓಡಿದರೆ ನಗಬೇಡಿ. ಗಣಿತದ ಮಗ್ಗಿ ಹೇಳಿಸುವ ದನಿಯಲ್ಲೇ ಹೇಳುತ್ತಿದ್ದಳು. ಕೆಲವರು ಕೇಳಿದರು.

ಪೂಜೆ ನಿಲ್ಲಲಿಲ್ಲ. ಈ ಬಗ್ಗೆ ಗದ್ದೆಯ ಯಜಮಾನ ಒಂದು ತೀರ್ಮಾನ ಕೊಟ್ಟ: “ಮುಂದ್ಲ ಸಾಲು ಆ ಅಮ್ಮನೋರ್ಗೆ, ಇಂದ್ಲ ಸಾಲು ಈ ಅಮ್ಮನೋರ್ಗೆ.” ನಡುವೆ ಕಬ್ಬಿನ ಒಣಗರಿಯ ತಡಿಕೆ ಕಟ್ಟಿಸಿದ. ಇಬ್ಬರಿಂದಲೂ ತಕರಾರು ಬರಲಿಲ್ಲ. ಜನವರಿಗೆ ಬಿಡುತ್ತೇನೆ ಎಂದಿದ್ದ ಕೆಲಸವನ್ನು ಅಕ್ಕ ಬಿಡಲಿಲ್ಲ. ಅದೇ ಶಾಲೆಯಿಂದ ನಿವೃತ್ತಳಾದಳು. ಮಾತ್ರೆ ಈಗಲೂ ನುಂಗುತ್ತಾಳೆ.

ಆ ಮೂಲೆಯಲ್ಲಿ ಈಗ ಕಬ್ಬಿಲ್ಲ. ಮುಂದೆ ಒಂದು ಸಣ್ಣ ಗುಡಿ, ಹಿಂದೆ ಪಂಚಾಯಿತಿ ಕಟ್ಟಿಸಿದ ಶೌಚಾಲಯ ಇವೆ. ಹೋದ ತಿಂಗಳು ಮಳವಳ್ಳಿ ಬಸ್ಸಿನಲ್ಲಿ ಕಂಡಕ್ಟರ್ ಕೂಗಿದ: “ಅಮ್ಮನೋರ ಕಬ್ಬು ಯಾರ್ರೀ ಇಳಿಯೋರು?” ಇಬ್ಬರು ಇಳಿದರು.