ಕಾಶಿನಾಥನ ಹೆಸರು ಗೊತ್ತಿದ್ದದ್ದು ಇಬ್ಬರಿಗೇ

೨೦೦೮ರಲ್ಲಿ ನಾನು ನಾಶಿಕ್ ಜಿಲ್ಲೆಯ ಹೆದ್ದಾರಿ ಬದಿಯ ಠಾಣೆಯೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ತಂದೆ ಬೀದರಿನಿಂದ ಬಂದು ಔರಂಗಾಬಾದಿನಲ್ಲಿ ನೆಲೆಸಿದವರು. ಆ ಊರು ಛತ್ರಪತಿ ಸಂಭಾಜಿನಗರವಾದದ್ದು ನಾನು ಕೆಲಸ ಬಿಟ್ಟ ಎಷ್ಟೋ ವರ್ಷಗಳ ಮೇಲೆ. ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ಮರಾಠಿ.

ಆ ವರ್ಷ ಚಾಂದವಡದ ಆಸುಪಾಸಿನಲ್ಲಿ ಸರಕು ತುಂಬಿದ ಲಾರಿಗಳು ಕಾಣೆಯಾಗತೊಡಗಿದವು. ಧಾಬಾದ ಚಹಾದಲ್ಲಿ ಮತ್ತಿನ ಔಷಧಿ ಬೆರೆಸಿ, ಚಾಲಕರನ್ನು ಯಾವುದೋ ಹೊಲದಲ್ಲಿ ಎಸೆದು ಹೋಗುತ್ತಿದ್ದರು. ಹೆದರಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹಾಗೆ ಲಾರಿ ಕಳೆದುಕೊಂಡ ಭಾಲ್ಕಿ ಕಡೆಯ ಚಾಲಕ ಕಾಶಿನಾಥನೂ ಮರಾಠಿಯಲ್ಲಿ ಏನೂ ಗೊತ್ತಿಲ್ಲವೆಂದೇ ಹೇಳುತ್ತಿದ್ದ. ನಾನು ಕನ್ನಡದಲ್ಲಿ ಊರು ಕೇಳಿದಾಗ ತಲೆ ಎತ್ತಿದ.

"ನಮ್ಮ ಕಡಿಯವ್ರೇನ್ರಿ ಸಾಹೇಬ್ರ? ಹಂಗಾದ್ರ ಹೇಳ್ತೀನಿ. ಆದ್ರ ನನ್ನ ಹೆಸರು ಹೊರಗ ಬೀಳಬಾರದ್ರಿ. ಇದೇ ರೋಡಿನ ಮ್ಯಾಲ ನನ್ನ ಹೊಟ್ಟಿ ಅದ."

ಅವನಿಗೆ ಪೂರ್ತಿ ಮತ್ತು ಹತ್ತಿರಲಿಲ್ಲ. ಕಳ್ಳರ ಮುಖ ನೋಡಿದ್ದ. ಮಾಲು ಸಿನ್ನರ್ ಬಳಿಯ ಯಾವ ಗೋದಾಮಿಗೆ ಹೋಗುತ್ತದೆಂಬ ಮಾತೂ ಕಿವಿಗೆ ಬಿದ್ದಿತ್ತು.

ಆ ಗೋದಾಮು ನನ್ನ ಠಾಣೆಯ ಸರಹದ್ದಿನ ಆಚೆ ಇತ್ತು. ದಾಳಿಗೆ ಮೇಲಧಿಕಾರಿಯ ಅನುಮತಿ ಬೇಕು, ಮಾಹಿತಿ ಕೊಟ್ಟವರು ಯಾರೆಂದು ಅವರಿಗೆ ಹೇಳಲೂ ಬೇಕು. ನಾಶಿಕ್ಕಿಗೆ ಹೋಗಿ ಹೇಳಿದೆ. ಮೊದಲ ಎಫ್ಐಆರ್ ಬರೆಯಲು ನನಗೆ ಕಲಿಸಿದವರೇ ಅವರು. ಬೆನ್ನು ತಟ್ಟಿ ಕಳಿಸಿದರು.

ಮರುದಿನ ಬೆಳಿಗ್ಗೆ ನಾವು ಹೋದಾಗ ಗೋದಾಮು ಖಾಲಿ. ಆಗಷ್ಟೇ ತೊಳೆದ ನೆಲ ಇನ್ನೂ ಒದ್ದೆಯಿತ್ತು. ಕಾವಲುಗಾರ ನಮಗಾಗಿಯೇ ಕಾದವನಂತೆ, "ಯಾ ಸಾಹೇಬ, ಚಹಾ ಘ್ಯಾ" ಎಂದು ಒಳಗೆ ಕರೆದು ಚಹಾ ಕೊಟ್ಟು ಉಪಚರಿಸಿದ. ಅದೇ ವಾರ ನಿಫಾಡ್ ಹತ್ತಿರ ಕಾಶಿನಾಥನನ್ನು ಲಾರಿಯಿಂದ ಎಳೆದು ಮೊಣಕಾಲು ಜಜ್ಜಿದರು. ಹೆಸರು ಹಿಡಿದು ಕರೆದೇ ಹೊಡೆದರಂತೆ.

ಮೇಲಧಿಕಾರಿಯ ವಿರುದ್ಧ ದೂರು ಕೊಟ್ಟೆ. ಅದಕ್ಕೆ ಉತ್ತರ ಬರುವ ಮೊದಲೇ, ನಾನು ಧಾಬಾ ಮಾಲೀಕನಿಂದ ಲಂಚ ಕೇಳಿದೆನೆಂಬ ದೂರು ನನ್ನ ಮೇಲೇ ಬಂತು. ಔರಂಗಾಬಾದಿನ ಕಂಟ್ರೋಲ್ ರೂಮಿಗೆ ಎತ್ತಿ ಹಾಕಿದರು. ನನ್ನ ದೂರಿನ ವಿಚಾರಣೆಗೆ ಬಂದ ಅಧಿಕಾರಿ ಸಜ್ಜನರೇ. "ಹೆಸರು ನಿಮಗೂ ನಿಮ್ಮ ಮೇಲಧಿಕಾರಿಗೂ ಮಾತ್ರ ಗೊತ್ತಿತ್ತು ಅನ್ನುತ್ತೀರಿ. ಹಾಗಾದರೆ ಆ ಚಾಲಕನನ್ನು ಕರೆಸಿ, ಹೆಸರು ಹಿಡಿದು ಹೊಡೆದರೆಂದು ಅವನೇ ಹೇಳಲಿ" ಎಂದರು.

ಸುದ್ದಿ ತಿಳಿದು ಕಾಶಿನಾಥ ತಾನಾಗಿಯೇ ಕೋಲೂರಿಕೊಂಡು ನನ್ನ ಮನೆಗೆ ಬಂದ.

"ನಾ ಹೇಳ್ತೀನ್ರಿ. ಇನ್ನೇನು ಮುರೀತಾರ?"

"ಇನ್ನೊಂದು ಕಾಲು ಅದಲ್ಲೋ, ಕಾಶಿನಾಥ. ನಿನ್ನ ಕಾಯೋರು ಯಾರು?"

"ನೀವು ಅದೀರಲ್ರಿ."

"ನನ್ನ ಕಾಯೋರೇ ಯಾರೂ ಇಲ್ಲಪ್ಪ."

ಹೆಂಡತಿ ಇಬ್ಬರಿಗೂ ಊಟಕ್ಕೆ ಬಡಿಸಿದಳು. ಸಂಜೆಯ ಬೀದರ್ ಬಸ್ಸಿಗೆ ನಾನೇ ಹತ್ತಿಸಿ ಬಂದೆ.

ವಿಚಾರಣೆಗೆ ನಾನು ಅವನನ್ನು ಕರೆಸಲಿಲ್ಲ. ಸಾಕ್ಷ್ಯವಿಲ್ಲವೆಂದು ನನ್ನ ದೂರು ಬಿದ್ದುಹೋಯಿತು. ಮೇಲಧಿಕಾರಿಗೆ ಬಡ್ತಿ ಸಿಕ್ಕಿತು. ನಾನು ಸ್ವಯಂ ನಿವೃತ್ತಿ ಪಡೆದೆ. ಅವರೇ ಕಳ್ಳರಿಗೆ ಹೆಸರು ಹೇಳಿದರೆಂದು ಅಂದು ಹೇಳಿದ್ದನ್ನೇ ಇಂದೂ ಹೇಳುತ್ತೇನೆ. ಕೇಳುವವರು ಕಡಿಮೆಯಾಗಿದ್ದಾರೆ, ಅಷ್ಟೇ.

ಸಾಕ್ಷಿ ಹೇಳುವವನು ಎದುರು ಕೂತವನನ್ನು ನಂಬಿ ಬಾಯಿ ಬಿಡುತ್ತಾನೆ. ಹಾಗೆ ಬಾಯಿ ಬಿಡಿಸುವ ಮೊದಲು ಪೊಲೀಸನು ತನ್ನ ಬೆನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿಕೊಳ್ಳಬೇಕು. ನನಗೆ ಇಷ್ಟು ಕಲಿಸಲು ಇನ್ನೊಬ್ಬನ ಮೊಣಕಾಲು ಹೋಯಿತು.