ಸಿಂಕಕ್ಕನ ಕಿವಿ

ವಿಡಿಯೊ ಎಡಿಟಿಂಗ್ ಮಾಡುವವರ ನಡುವೆ ಅವಳನ್ನು ಸ್ವಂತ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಸಿಂಕಕ್ಕ. ತೆರೆಯ ಮೇಲೆ ಮಾತಾಡುವವನ ತುಟಿಗೂ ದನಿಗೂ ಕೂದಲೆಳೆಯಷ್ಟು ಹೊಂದಾಣಿಕೆ ತಪ್ಪಿದರೂ, ಅಂದರೆ ಸಿಂಕ್ ಹೋದರೂ, ಬಾಗಿಲಲ್ಲಿ ನಿಂತೇ ಹಿಡಿದುಬಿಡುತ್ತಾಳೆ ಎಂಬ ಖ್ಯಾತಿಯಿಂದ ಬಂದ ಹೆಸರು ಅದು. ಬಂದದ್ದು ನ್ಯಾಯವಾಗಿಯೇ. ಉಳಿಸಿಕೊಂಡದ್ದು ಮಾತ್ರ ಈಚೆಗೆ ಸ್ವಲ್ಪ ಕಳ್ಳತನದಿಂದ.

ವಿಷಯ ಇಷ್ಟೆ: ಸಿಂಕಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಪೂರ್ತಿ ಕಿವುಡೇನಲ್ಲ. ಗಂಡಸರ ದನಿ, ಬಸ್ಸಿನ ಗುಡುಗು, ಬಾಗಿಲು ಬಡಿದುಕೊಳ್ಳುವ ಸದ್ದು, ಇವೆಲ್ಲ ಕೇಳುತ್ತಿದ್ದವು. ಶಿಳ್ಳೆ, ಕೀಲಿಕೈ ಗೊಂಚಲಿನ ಕಿಣಿಕಿಣಿ, ಹಕ್ಕಿಯ ಕೂಗು, ಇಂಥ ಸಣ್ಣ ಸದ್ದುಗಳು ಒಂದೊಂದಾಗಿ ಹೇಳದೆ ಕೇಳದೆ ಹೊರಟುಹೋಗಿದ್ದವು. “ಇಷ್ಟು ವರ್ಷ ಹೆಡ್‌ಫೋನ್ ಹಾಕ್ಕೊಂಡು ಕೂತ್ರೆ ಇನ್ನೇನಾಗುತ್ತೆ? ಕಿವಿಗೆ ಮಷಿನ್ ಹಾಕ್ಕೊಳ್ಳಿ” ಎಂದಿದ್ದರು ಡಾಕ್ಟರು. ಯೋಚನೆ ಮಾಡ್ತೀನಿ ಎಂದು ಎದ್ದು ಬಂದವಳು ಆ ಯೋಚನೆಯನ್ನೂ ಮಾಡಲಿಲ್ಲ. ಕಿವಿಗೆ ಮಷಿನ್ ಹಾಕಿಕೊಂಡ ಎಡಿಟರ್ ಹತ್ತಿರ ಯಾವ ಗಿರಾಕಿ ಬರುತ್ತಾನೆ ಎಂಬುದು ಅವಳ ವಾದ. ಐವತ್ತು ದಾಟಿದವಳಿಗೆ ಬೇರೆ ಕೆಲಸವೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಸ್ಟುಡಿಯೊ ಇದ್ದದ್ದು ಮನೆಯ ಮಹಡಿಯಲ್ಲಿ. ಕೆಳಗೆ ಅವಳು, ತಮ್ಮ, ತಮ್ಮನ ಹೆಂಡತಿ, ಮೂವರ ಸಂಸಾರ. ಮೇಲೆ ಕಿಟಕಿಗೆ ಕಪ್ಪು ಪರದೆ, ಗೋಡೆಗೆ ಸದ್ದು ಹೀರುವ ಸ್ಪಂಜು, ಎರಡು ತಿರುಗುವ ಕುರ್ಚಿ, ಅಕ್ಷರಗಳು ಅಳಿಸಿಹೋದ ಕೀಬೋರ್ಡು. ಮದುವೆ, ಕಾರ್ಖಾನೆಯ ತರಬೇತಿ ಚಿತ್ರ, ನಿವೃತ್ತರ ಬೀಳ್ಕೊಡುಗೆ, ಏನು ಬಂದರೂ ಕತ್ತರಿಸಿ ಜೋಡಿಸುವುದು ಅಕ್ಕ. ಕ್ಯಾಮೆರಾ, ಓಡಾಟ, ಗಿರಾಕಿಗಳ ಜೊತೆ ಮಾತು ತಮ್ಮನದು. ಅವನಿಗೆ ಅಕ್ಕನ ಕಿವಿಯೆಂದರೆ ಮನೆಯ ಆಸ್ತಿ. ಬಂದವರೆದುರೆಲ್ಲ ಅದನ್ನೇ ಹೊಗಳುವವನು. ಅವನು ಹೊಗಳಿದಷ್ಟೂ ಸಿಂಕಕ್ಕನ ಬಾಯಿಗೆ ಬಿದ್ದ ಬೀಗ ಬಿಗಿಯಾಗುತ್ತ ಹೋಯಿತು.

ಹಾಗಾದರೆ ಕೆಲಸ ನಡೆಯುತ್ತಿದ್ದುದು ಹೇಗೆ? ಕಣ್ಣಿನಿಂದ. ತುಟಿ ನೋಡಿ ಸಿಂಕ್ ಹಿಡಿಯುತ್ತಿದ್ದಳು. ಸದ್ದಿನ ಏರಿಳಿತವನ್ನು ತೆರೆಯ ಮೇಲಿನ ಗೆರೆಯಲ್ಲಿ ಓದುತ್ತಿದ್ದಳು. ಅಷ್ಟಾದರೂ ಅನುಮಾನ ಉಳಿದರೆ ತಮ್ಮನನ್ನು ಕೂಗಿ, “ಇದ್ರಲ್ಲೊಂದು ತಪ್ಪಿದೆ, ಕಂಡುಹಿಡಿ ನೋಡೋಣ” ಎನ್ನುವಳು. ತಮ್ಮ ಪರೀಕ್ಷೆಗೆ ಕೂತವನ ಹಾಗೆ ಹುಬ್ಬು ಗಂಟಿಕ್ಕಿ ಕೇಳಿ, “ಇಲ್ಲಿ ಫ್ಯಾನಿನ ಸದ್ದು ಬಂದಿದೆ, ಅಲ್ವಾ?” ಎಂದರೆ, “ಹುಂ, ಪರವಾಗಿಲ್ಲ, ಕಲೀತಿದ್ದೀಯ” ಎಂದು ಬೆನ್ನು ತಟ್ಟಿ ಕಳಿಸಿ ಆಮೇಲೆ ಸರಿಪಡಿಸುವಳು. ನಾಚಿಕೆಗೆಟ್ಟ ಉಪಾಯ. ಆದರೆ ಚೆನ್ನಾಗಿಯೇ ನಡೆಯಿತು.

ಇದಕ್ಕೆ ಕಲ್ಲು ಬಿದ್ದದ್ದು ಅವಳು ಬಳಸುತ್ತಿದ್ದ ಹಳೆಯ ಸಾಫ್ಟ್‌ವೇರ್ ನಿಂತಾಗ. ತಯಾರಿಸಿದ ಕಂಪನಿಯೇ ಬಾಗಿಲು ಹಾಕಿತ್ತು. ಹೊಸ ಕಂಪ್ಯೂಟರಿನಲ್ಲಿ ಅದು ತೆರೆಯಲೂ ಒಪ್ಪಲಿಲ್ಲ. ಹೊಸದನ್ನು ಆರಿಸಲೇಬೇಕಾಯಿತು. ಅದೇ ಹೊತ್ತಿಗೆ ವಿಡಿಯೊ ಉದ್ಯಮದವರ ಮೇಳ ಬಂತು. ಅಲ್ಲಿ ಮೂರು ಹೊಸ ಎಡಿಟಿಂಗ್ ಸಾಫ್ಟ್‌ವೇರ್‌ಗಳಿಗೆ ಒಂದೇ ವಿಡಿಯೊ ಕೊಟ್ಟು, ವೇದಿಕೆಯ ಮೇಲೆ ಎಲ್ಲರೆದುರೇ ಓಡಿಸಿ ಹೋಲಿಸುತ್ತಾರೆಂದು ತಮ್ಮ ಸುದ್ದಿ ತಂದ. “ಅವರಿವರು ಹೇಳಿದ್ದು ಕೇಳಿ ತಗೊಳ್ಳೋದಕ್ಕಿಂತ ಕಣ್ಣಾರೆ ನೋಡಿ ತಗೊಳ್ಳೋಣ” ಎಂದ. ಕಣ್ಣಾರೆ ನೋಡುವುದು ಸಿಂಕಕ್ಕನಿಗೂ ಬೇಕಾಗಿತ್ತು.

ಮೇಳ ನಡೆದ ಸಭಾಂಗಣ ವಿಮಾನ ನಿಲ್ಲಿಸುವಷ್ಟು ದೊಡ್ಡದು. ನೆಲಕ್ಕೆ ಬೂದು ಕಾರ್ಪೆಟ್ಟು, ಅದರ ಕೆಳಗೆ ವೈರುಗಳ ಉಬ್ಬು. ನಡೆದವರೆಲ್ಲ ಒಮ್ಮೆ ಎಡವಲೇಬೇಕು. ಎಲ್ಲರ ಕೊರಳಲ್ಲಿ ಗುರುತಿನ ಪಟ್ಟಿ, ಕೈಯಲ್ಲಿ ಕಂಪನಿಗಳು ಪುಕ್ಕಟೆ ಹಂಚಿದ ಚೀಲ, ಚೀಲದಲ್ಲಿ ಬರೆಯದ ಪೆನ್ನು. ಮೂರು ಕಂಪನಿಗಳ ಮಳಿಗೆಗಳಿಗೆ ಮೂರು ಬಣ್ಣ. ಜನ ಸಾಫ್ಟ್‌ವೇರ್‌ಗಳನ್ನೂ ಬಣ್ಣ ಹಿಡಿದೇ ಕರೆಯುತ್ತಿದ್ದರು.

ವೇದಿಕೆಯ ಮೇಲೆ ಮೂವರು ಎಡಿಟರ್‌ಗಳು ಕೂತರು. ಮೂವರಿಗೂ ಸಿಕ್ಕಿದ್ದು ಒಬ್ಬ ಲಾರಿ ಡ್ರೈವರನ ಸಂದರ್ಶನ. ರಸ್ತೆ ಬದಿಯಲ್ಲಿ ತೆಗೆದದ್ದು, ಅರ್ಧ ಮಾತು, ಅರ್ಧ ತಲೆ ಕೆರೆತ. ಕೆಂಪಿನದು ಕಣ್ಣು ಮಿಟುಕಿಸುವುದರೊಳಗೆ ಅವನ ತಡವರಿಕೆಗಳನ್ನೆಲ್ಲ ತಾನೇ ಕಿತ್ತುಹಾಕಿ, ಪಾಪ, ಉಸಿರಾಡದೆ ಮಾತಾಡುವವನ ಹಾಗೆ ಮಾಡಿಬಿಟ್ಟಿತು. ಚಪ್ಪಾಳೆಯೋ ಚಪ್ಪಾಳೆ. ನೀಲಿಯದರಲ್ಲಿ ಬಣ್ಣಗಳು ಸೊಗಸು, ಆದರೆ ತೆರೆಯ ತುಂಬ ಗುಂಡಿಗಳು. ಅದನ್ನು ನಡೆಸುತ್ತಿದ್ದವನೇ ಒಂದು ಗುಂಡಿ ಹುಡುಕಲು ಕನ್ನಡಕ ಹಾಕಿಕೊಂಡ. ಹಸಿರಿನದು ಬಲು ನಿಧಾನ. ಅದರ ಸರದಿ ಬಂದಾಗ ಕೆಲವರು ಕಾಫಿಗೆ ಎದ್ದುಹೋದರು. ಆದರೆ ಅದು ಡ್ರೈವರನ ಒಂದೊಂದು ಮಾತನ್ನೂ ಅಕ್ಷರದಲ್ಲಿ ಬರೆದು ಕೆಳಗಿಟ್ಟಿತು. ಸದ್ದನ್ನು ಒಂದೇ ಗೆರೆಯಾಗಿ ಎಳೆಯದೆ, ದಪ್ಪ ಸದ್ದು ಕೆಳಗೆ, ಸಣ್ಣ ಸದ್ದು ಮೇಲೆ ಎಂದು ಬಣ್ಣಬಣ್ಣವಾಗಿ ಹರಡಿ ತೋರಿಸಿತು. ಅವನ ಹಿಂದೆ ಎಲ್ಲೋ ಹಕ್ಕಿ ಕೂಗಿದ್ದು ಮೇಲ್ತುದಿಯಲ್ಲಿ ಹಳದಿ ಚುಕ್ಕೆಗಳಾಗಿ ಕಂಡಿತು.

ಹಕ್ಕಿ ಕೂಗಿದೆಯೆಂದು ಸಿಂಕಕ್ಕನಿಗೆ ಗೊತ್ತಾದದ್ದು ಆ ಚುಕ್ಕೆಗಳಿಂದಲೇ. ಇದೊಂದು ಸಿಕ್ಕಿದರೆ ಇನ್ನೂ ಎಷ್ಟೋ ವರ್ಷ ಕುರ್ಚಿ ಬಿಡಬೇಕಾಗಿಲ್ಲ, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡಳು.

“ಕೆಂಪು. ಎರಡು ಮಾತೇ ಇಲ್ಲ” ಎಂದ ತಮ್ಮ.

“ಹಸಿರು ಚೆನ್ನಾಗಿದೆ ಕಣೋ.”

“ಅದಾ? ಅದ್ರಲ್ಲಿ ಮದುವೆ ವಿಡಿಯೊ ಮುಗಿಯೋಷ್ಟ್ರಲ್ಲಿ ಆ ಜೋಡಿಗೆ ಮಗು ಹುಟ್ಟಿರುತ್ತೆ.”

“ಮಾತೆಲ್ಲ ಅಕ್ಷರದಲ್ಲಿ ಬರೆಯುತ್ತಲ್ಲ.”

“ಕಿವಿ ಇಲ್ಲದವ್ರಿಗೆ ಅದು. ನಮಗ್ಯಾಕೆ? ಬಾ, ಕೆಂಪಿನವರ ಮಳಿಗೆ ನೋಡೋಣ.”

ಆ ಮಳಿಗೆಯಲ್ಲಿ ಕೋಟು ತೊಟ್ಟ ನಿರೂಪಕನೊಬ್ಬ, ಹಾಳಾದ ಸದ್ದನ್ನು ಒಂದೇ ಗುಂಡಿ ಒತ್ತಿ ಶುದ್ಧ ಮಾಡುತ್ತೇವೆಂದು ಜನ ಸೇರಿಸಿಕೊಂಡಿದ್ದ. “ಯಾರಾದ್ರೂ ಬಂದು ಕೇಳಿ ಹೇಳ್ತೀರಾ?” ಎಂದು ಅವನು ಕೇಳಿದ್ದೇ ತಡ, ತಮ್ಮ ಅಕ್ಕನ ಭುಜ ಹಿಡಿದು ಮುಂದೆ ತಳ್ಳಿದ. “ನಮ್ಮಕ್ಕನ್ನ ಕೂರಿಸಿ ಸಾರ್! ಇವರ ಕಿವಿ ಮುಂದೆ ನಿಮ್ಮ ಮಷಿನ್ನೆಲ್ಲ ಸುಮ್ನೆ!”

ಸಿಂಕಕ್ಕನನ್ನು ಜನರಿಗೆ ಎದುರಾಗಿ ಕೂರಿಸಿ ಹೆಡ್‌ಫೋನ್ ತೊಡಿಸಿದರು. ಅದೇ ಸದ್ದನ್ನು ಸ್ಪೀಕರಿನಲ್ಲೂ ಬಿಟ್ಟರು. ಯಾರೋ ಹೆಂಗಸು ಭಾಷಣ ಮಾಡುತ್ತಿದ್ದಳು. ಸಿಂಕಕ್ಕನಿಗೆ ಅದು ಮಬ್ಬುಮಬ್ಬಾಗಿ ಬಂತು, ಮತ್ತೇನೂ ಇಲ್ಲ. ಆದರೆ ಎದುರಿಗಿದ್ದವರು ಮುಖ ಕಿವಿಚಿದರು. ಒಬ್ಬಾಕೆ ಕಿವಿ ಮುಚ್ಚಿಕೊಂಡಳು. ಓಹೋ, ಮೈಕಿನ ಶಿಳ್ಳೆಯಿರಬೇಕು ಎಂದುಕೊಂಡು ಸಿಂಕಕ್ಕನೂ ಮುಖ ಕಿವಿಚಿದಳು. “ಈಗ ತೆರೆ ನೋಡಿ ಅಕ್ಕ” ಎಂದು ನಿರೂಪಕ ಅವಳ ಕುರ್ಚಿಯನ್ನು ತಿರುಗಿಸಿಬಿಟ್ಟ. ಜನ ಬೆನ್ನಿಗಾದರು. ಓದಲು ಒಂದು ಮುಖವೂ ಉಳಿಯಲಿಲ್ಲ. ಇನ್ನು ಅವನ ಬೆರಳೇ ಗತಿ.

ಬೆರಳು ಗುಂಡಿ ಒತ್ತಿತು. ಸಿಂಕಕ್ಕ ತೃಪ್ತಿಯಿಂದ ಕಣ್ಣು ಮುಚ್ಚಿ, ಮೈಕಿನತ್ತ ಬಾಗಿ, “ಆಹಾ, ಪೂರ್ತಿ ಹೋಯ್ತು ನೋಡಿ! ಈಗ ಜೀವಕ್ಕೆ ಹಾಯೆನಿಸ್ತು” ಎಂದಳು.

ಗುಂಡಿ ಕೈಕೊಟ್ಟಿತ್ತು. ಶಿಳ್ಳೆ ಮೊದಲಿನಷ್ಟೇ ಜೋರಾಗಿ ಕೂಗುತ್ತಿತ್ತು.

ಮಳಿಗೆಯೇ ಹಾರಿಹೋಗುವ ಹಾಗೆ ಜನ ನಕ್ಕರು. ಆ ನಗು ಸಿಂಕಕ್ಕನಿಗೆ ಚೆನ್ನಾಗಿ ಕೇಳಿಸಿತು. ಕಾರಣ ಮಾತ್ರ ತಿಳಿಯಲಿಲ್ಲ. “ಅಕ್ಕ ನಮ್ಮ ಕಾಲೆಳೀತಿದ್ದಾರೆ!” ಎಂದು ನಿರೂಪಕ ಬೆವರು ಒರೆಸಿಕೊಂಡು ಮತ್ತೆ ಮತ್ತೆ ಗುಂಡಿ ಒತ್ತುವುದನ್ನು ಕಂಡಾಗ ಶಿಳ್ಳೆ ನಿಂತಿಲ್ಲವೆಂದು ಅವಳಿಗೆ ಹೊಳೆಯಿತು. ಬೇರೆ ದಾರಿ ಕಾಣದೆ ತಾನೂ ನಕ್ಕಳು.

ಕ್ಯಾಂಟೀನಿನಲ್ಲಿ ತಮ್ಮನ ಸಂತೋಷ ಹಿಡಿಯುವವರಿಲ್ಲ. “ಏನ್ ಕೊಟ್ಟೆ ಅಕ್ಕ ಅವನಿಗೆ! ಮುಖ ನೋಡ್ಬೇಕಿತ್ತು!” ಎಂದು ಪಕ್ಕದ ಮೇಜಿನವರಿಗೂ ಕರೆದು ಕರೆದು ಹೇಳಿದ. ಅವನ ಮನಸ್ಸಿನಲ್ಲಿ ಒಂದು ಎಳೆ ಅನುಮಾನವೂ ಇರಲಿಲ್ಲ. ಅಕ್ಕ ಸಿಕ್ಕಿಬೀಳಲಿಲ್ಲ. ಅವಳ ಪಾಲಿಗೆ ಅದೇ ಎಡವಟ್ಟಾಯಿತು. “ಆ ಗುಂಡಿ ಕೈಕೊಟ್ರೆ ಕೊಡ್ಲಿ ಬಿಡು. ನಿನ್ನ ಕಿವಿ ಇರೋವಾಗ ಗುಂಡಿ ಯಾಕೆ? ವೇಗಕ್ಕೆ ಕೆಂಪು, ಸದ್ದಿಗೆ ನೀನು” ಎಂದು ಎದ್ದವನು ನೇರ ಕೆಂಪಿನವರ ಕೌಂಟರಿನ ಸಾಲಿಗೆ ಹೋಗಿ ನಿಂತ.

ಸಿಂಕಕ್ಕ ಅವನ ಹಿಂದೆಯೇ ನಿಂತಳು. ಕೆಂಪಿನದರಲ್ಲಿ ಸದ್ದಿನ ಗೆರೆ ದಾರದಷ್ಟು ಸಣ್ಣದು, ಅದರಲ್ಲಿ ಅವಳಿಗೆ ಏನೂ ಕಾಣುವಂತಿರಲಿಲ್ಲ. ಮುಂದಿನ ಶಿಳ್ಳೆ ಕೂಗುವುದು ಮಳಿಗೆಯಲ್ಲಲ್ಲ, ಯಾವುದೋ ಗಿರಾಕಿಯ ಮನೆಯಲ್ಲಿ, ನೆಂಟರೆಲ್ಲ ಸೇರಿ ವಿಡಿಯೊ ನೋಡುವಾಗ. ಆಗ ಯಾರೂ ತಮಾಷೆ ಎಂದುಕೊಳ್ಳುವುದಿಲ್ಲ. ಅವಳಿಗೆ ಆ ಕ್ಷಣ ಬಂದದ್ದು ಧೈರ್ಯವಲ್ಲ, ಹೆದರಿಕೆ. ಕೌಂಟರಿನ ಹುಡುಗಿ, ಒಮ್ಮೆ ಕೊಂಡರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ವಿವರಿಸುತ್ತಿದ್ದಾಗ ಅವಳು ತಮ್ಮನ ತೋಳು ಹಿಡಿದಳು.

“ನಂಗೆ ಕೇಳಿಸ್ಲಿಲ್ಲ ಕಣೋ.”

“ವಾಪಸ್ ಇಲ್ವಂತೆ” ಎಂದ ತಮ್ಮ ಜೋರಾಗಿ.

“ಅದಲ್ಲ. ಆ ಶಿಳ್ಳೆ. ಶಿಳ್ಳೆ ಇತ್ತು ಅಂತಾನೇ ನಂಗೆ ಗೊತ್ತಾಗ್ಲಿಲ್ಲ. ಯಾರ ಕಾಲೂ ಎಳೀಲಿಲ್ಲ ನಾನು. ಸಣ್ಣ ಸದ್ದು ಯಾವ್ದೂ ನಂಗೆ ಕೇಳಲ್ಲ. ಎರಡು ವರ್ಷ ಆಗ್ತಾ ಬಂತು.”

ತಮ್ಮ ಸಾಲು ಬಿಟ್ಟು ಹೊರಗೆ ಬಂದ. ಖಾಲಿ ಮಳಿಗೆಯೊಂದರ ಕಟ್ಟೆಯ ಮೇಲೆ ಕೂತ. ಸಿಂಕಕ್ಕನೂ ಕೂತಳು. ಬಯ್ಗುಳಕ್ಕೆ ಮೈ ಬಿಗಿಹಿಡಿದು ಕಾದಳು: ಗಿರಾಕಿಗಳಿಗೆ ಮೋಸ ಅನ್ನುತ್ತಾನೆ, ತಪ್ಪು ಕಂಡುಹಿಡಿ ಅಂತ ನನ್ನನ್ನೇ ಬಕರಾ ಮಾಡಿದೆ ಅನ್ನುತ್ತಾನೆ. ಅವನು ಅದೇನನ್ನೂ ಅನ್ನಲಿಲ್ಲ.

“ನನ್ನ ಹೆಂಡ್ತಿ ದನಿ ಕೇಳುತ್ತಾ?” ಎಂದ.

“ಅವಳದು ಸೂಜಿ ದನಿ. ಎದುರಿಗಿದ್ರೆ ತುಟಿ ನೋಡಿ ಅಷ್ಟೋ ಇಷ್ಟೋ. ಹಿಂದಿನಿಂದ ಮಾತಾಡಿದ್ರೆ ಏನೂ ಇಲ್ಲ.”

“ಅಕ್ಕ, ಅವಳು ನಿನ್ನ ಜೊತೆ ಮಾತು ಬಿಟ್ಟು ವರ್ಷದ ಮೇಲಾಯ್ತು.”

“ಬಿಟ್ಟಿದ್ದಾಳಾ?” ಎಂದಳು ಸಿಂಕಕ್ಕ. ನಿಜವಾಗಿಯೂ ಗೊತ್ತಿರಲಿಲ್ಲ.

“ಅವಳಮ್ಮಂಗೆ ಆಪರೇಷನ್ ಅಂತ ಫೋನ್ ಬಂತಲ್ಲ, ಅವತ್ತು ನಾನು ಊರಲ್ಲಿರ್ಲಿಲ್ಲ. ಅವಳು ಮಹಡಿ ಹತ್ತಿ ಬಂದು ನಿನ್ನ ಕುರ್ಚಿ ಹಿಂದೆ ನಿಂತು ಅತ್ಲಂತೆ. ಹೆಡ್‌ಫೋನ್ ನಿನ್ನ ಕುತ್ತಿಗೇಲಿತ್ತಂತೆ. ನೀನು ತಿರುಗಿ ಕೂಡ ನೋಡ್ಲಿಲ್ವಂತೆ.”

“ಮಾರನೆ ದಿನ ನೀನು ಬಂದು ಹೇಳ್ದೆ. ತಕ್ಷಣ ಆಸ್ಪತ್ರೆಗೆ ಓಡಿ ಬಂದ್ನಲ್ಲೋ.”

“ಅದೇ ಅವಳಿಗೆ ಚುಚ್ಚಿದ್ದು. ತಾನು ಅತ್ರೆ ತಿರುಗಲ್ಲ, ತಮ್ಮ ಹೇಳಿದ್ರೆ ಓಡಿ ಬರ್ತಾರೆ ಅಂತ. ನಾನು ಎಷ್ಟು ಸಮಾಧಾನ ಮಾಡಿದ್ರೂ ಕೇಳ್ಲಿಲ್ಲ. ನಿನಗೆ ಹೇಳೋಕೂ ಬಿಡ್ಲಿಲ್ಲ.”

ಕಿವಿಯ ಗುಟ್ಟು ಬಯಲಾದರೆ ಗಿರಾಕಿ ಹೋಗುತ್ತಾನೆ, ಹೆಸರು ಹೋಗುತ್ತದೆ ಎಂದು ಸಿಂಕಕ್ಕ ಹೆದರಿ ಕೂತಿದ್ದಳು. ಹೋಗಿದ್ದು ತಮ್ಮನ ಹೆಂಡತಿಯ ಮಾತು. ಅದೂ ಅವಳಿಗೆ ಗೊತ್ತಾಗದ ಹಾಗೆ. ಅವಳಿಗೆ ತುಂಬ ನಾಚಿಕೆಯಾಯಿತು.

ಹಸಿರಿನದನ್ನು ತಮ್ಮನೇ ಹೋಗಿ ಕೊಂಡು ತಂದ. “ಮೊದಲು ಡಾಕ್ಟರ ಹತ್ರ ಹೋಗಿ ಮಷಿನ್ ಹಾಕಿಸ್ಕೋ” ಎಂದು ದಾರಿಯಲ್ಲಿ ತಮ್ಮ ಗದರಿದ. “ಆಯ್ತು” ಎಂದಳು. “ಅವಳಿಗೆ ನೀನೇ ಹೇಳಿಬಿಡು” ಎಂದೂ ಕೇಳಿಕೊಂಡಳು. “ನಾನು ಹೇಳಲ್ಲಪ್ಪ. ನೀನುಂಟು, ಅವಳುಂಟು” ಎಂದು ಅವನು ಕೈ ತೊಳೆದುಕೊಂಡ.

ಮನೆ ಸೇರಿದಾಗ ತಮ್ಮನ ಹೆಂಡತಿ ಬಾಗಿಲಿಗೆ ಬೆನ್ನು ಹಾಕಿ ತರಕಾರಿ ಹೆಚ್ಚುತ್ತಿದ್ದಳು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಸಿಂಕಕ್ಕ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋದಳು.

“ನಂಗೆ ಕಿವಿ ಕೇಳಲ್ಲ ಕಣೆ” ಎಂದಳು. “ನಿನ್ನ ದನಿಯಂತೂ ಒಂಚೂರೂ ಕೇಳಲ್ಲ. ಅವತ್ತು ನೀನು ಮೇಲೆ ಬಂದಿದ್ದೆ ಅಂತ ಇವತ್ತು ಗೊತ್ತಾಯ್ತು.”

ಚಾಕು ನಿಂತಿತು. ತಮ್ಮನ ಹೆಂಡತಿ ತಿರುಗಿ ನೋಡಿದಳು. ತುಟಿ ಅಲುಗಿತು. “ಅತ್ತಿಗೆ” ಎಂದಿರಬೇಕು, ಉಳಿದದ್ದು ತಿಳಿಯಲಿಲ್ಲ.

“ಕೇಳಲ್ಲ ಅಂದ್ನಲ್ಲ” ಎಂದಳು ಸಿಂಕಕ್ಕ. “ಸ್ವಲ್ಪ ದಪ್ಪ ದನಿ ಮಾಡ್ಕೊಂಡು ಬಯ್ಯಿ.”

ತಮ್ಮನ ಹೆಂಡತಿ ಒಲೆ ಆರಿಸಿದಳು. ಕೈ ಒರೆಸಿಕೊಂಡು ಸ್ಟೂಲೊಂದನ್ನು ಎಳೆದು, ಅತ್ತಿಗೆಯ ಮುಖಕ್ಕೆ ಎದುರಾಗಿ ಕೂತು, ತನ್ನ ತಾಯಿಯ ಆಪರೇಷನ್ನಿನ ದಿನದಿಂದ ಶುರು ಮಾಡಿದಳು.