ಹಿಂದಿನ ಬೆಂಚು ಎದ್ದು ನಿಂತದ್ದು

ಪೋರ್ಟ್ ಡಿಕ್ಸನ್ ಕಡಲತೀರಕ್ಕೆ ಹೊರಟ ಆ ಶನಿವಾರ ಕಾರಿನಲ್ಲಿ ನಾವು ನಾಲ್ವರು ಮೇಷ್ಟ್ರುಗಳಿದ್ದೆವು. ಸ್ಟಿಯರಿಂಗ್ ಹಿಡಿದಿದ್ದವಳು ಮಂಗಳೂರಿನವಳು. ಜೀವಶಾಸ್ತ್ರ ಪಾಠ ಮಾಡುತ್ತಾಳೆ; ಕಾರನ್ನು ಮಾತ್ರ ಎದುರಿನವರ ಜೀವಕ್ಕೂ ತನಗೂ ಸಂಬಂಧವೇ ಇಲ್ಲದಂತೆ ಓಡಿಸುತ್ತಾಳೆ. ಅವಳ ಪಕ್ಕ ಇಂಗ್ಲಿಷ್ ಮೇಷ್ಟ್ರು, ಐರ್ಲೆಂಡಿನವನು. ಕಾಲು ಉದ್ದ ಎಂಬ ಒಂದೇ ಅರ್ಹತೆಯ ಮೇಲೆ ಯಾವ ಪ್ರವಾಸದಲ್ಲೂ ಮುಂದಿನ ಸೀಟು ಅವನಿಗೇ. ಹಿಂದೆ ನಾನು, ಮೈಸೂರಿನವಳು, ರಸಾಯನಶಾಸ್ತ್ರದವಳು, ಎಲ್ಲರಿಗಿಂತ ಹಿರಿಯಳು. ತೊಡೆಯ ಮೇಲೆ ಪುಳಿಯೋಗರೆಯ ದೊಡ್ಡ ಡಬ್ಬಿ. ನನ್ನ ಪಕ್ಕ ಹುಬ್ಬಳ್ಳಿಯವನು, ಗಣಿತದವನು, ಎಲ್ಲರಿಗಿಂತ ಕಿರಿಯ. ಅವನ ತೊಡೆಯ ಮೇಲೆ ಏನೂ ಇರಲಿಲ್ಲ. ಮುಖದ ಮೇಲೆ ಸೋಮವಾರವಿತ್ತು.

ಆ ಸೋಮವಾರದ ಕಥೆ ಹೇಳಿಬಿಡುತ್ತೇನೆ. ನಿಲಾಯ್‌ನ ನಮ್ಮ ಕಾಲೇಜಿನಲ್ಲಿ ಹೊಸದಾಗಿ ಸೇರಿದವರ ತರಗತಿಗೆ ಡೀನ್ ಬಂದು ಕೊನೆಯ ಸಾಲಿನಲ್ಲಿ ಕೂತು ನೋಡುತ್ತಾರೆ. ಮೆಚ್ಚಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಕೈಕುಲುಕಿ ಕಳಿಸುತ್ತಾರೆ; ಕೆಲಸ ಹೋದರೆ ವೀಸಾವೂ ಹೋಯಿತು. ಹುಬ್ಬಳ್ಳಿಯವನ ತರಗತಿಗೆ ಅವರು ಒಮ್ಮೆ ಬಂದು, ತುಟಿ ಕಚ್ಚಿಕೊಂಡು ಎದ್ದು ಹೋಗಿದ್ದರು. ಈ ಸೋಮವಾರದ್ದು ಎರಡನೆಯ ಮತ್ತು ಕೊನೆಯ ಸರದಿ. ಅವನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೆಲಸ ಕಾಯಂ ಆದರೆ ಹೆಂಡತಿಯನ್ನು ಕರೆಸಿಕೊಳ್ಳಬಹುದು. ಆ ಪುಣ್ಯಾತ್ಮ ಆಗಲೇ ಎರಡು ಕೋಣೆಯ ಮನೆ ಹಿಡಿದಿದ್ದ, ಪರದೆ ಕಟ್ಟಿದ್ದ, ತಮಿಳರ ಅಂಗಡಿಯಲ್ಲಿ ಹುಡುಕಿ ರೊಟ್ಟಿ ಬೇಯಿಸಲು ಕಬ್ಬಿಣದ ಹಂಚು ತಂದಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಿದ್ದಳಲ್ಲ ನಮ್ಮಜ್ಜಿ, ಇದು ರೊಟ್ಟಿ ಬಡಿಯುವವಳು ಬರುವ ಮುಂಚೆ ಹಂಚು.

ಗಣಿತ ಅವನಿಗೆ ನೀರು ಕುಡಿದಷ್ಟು ಸಲೀಸು. ತೊಂದರೆ ಏನೆಂದರೆ ಅವನು ಪಾಠ ಮಾಡುತ್ತಿದ್ದದ್ದು ಬೋರ್ಡಿಗೆ. ಬೋರ್ಡಿನ ಕಿವಿಯಲ್ಲಿ ಗುಟ್ಟು ಹೇಳುವವನ ಹಾಗೆ ಪಿಸುಪಿಸು. ಹಿಂದೆ ಹುಡುಗರು ಹರಟೆ ಶುರುಮಾಡಿದರೆ ಪಾಪ, ತಾನೇ 'ಸಾರಿ' ಹೇಳಿ, ಅವರ ಮಾತು ಮುಗಿಯುವವರೆಗೆ ಕಾಯುತ್ತಿದ್ದ. ನಾಲ್ಕು ಜನ ಕೂತ ಮಾಮಕ್ ಎಂಬ ಬೀದಿ ಹೋಟೆಲಿನಲ್ಲಿ ಒಂದು ಚಹಾ ಹೇಳಲು ಇವನು ಕೂಗಿದರೆ ರಸ್ತೆಯ ಆಚೆಯ ಅಂಗಡಿಯವನೂ ಚಹಾ ತರುತ್ತಿದ್ದ. ಅಂಥ ಗಂಟಲು ತರಗತಿಯ ಬಾಗಿಲು ದಾಟಿದ್ದೇ ಎಲ್ಲಿ ಅಡಗುತ್ತಿತ್ತೋ.

"ಈ ಎರಡು ದಿನ ಕಾಲೇಜಿನ ಸುದ್ದಿ ಎತ್ತಿದವರು ಸಮುದ್ರಕ್ಕೆ," ಎಂದು ಮಂಗಳೂರಿನವಳು ಹೊರಡುವಾಗಲೇ ಕಟ್ಟಪ್ಪಣೆ ಹೊರಡಿಸಿದ್ದಳು. ಹೆದ್ದಾರಿ ಸೇರುವಷ್ಟರಲ್ಲಿ ಅವಳೇ, "ಅಲ್ಲ ಮಾರಾಯ, ನೀನು ಆ ಬೋರ್ಡಿಗೆ ಎಂತ ಸಾಲ ಕೊಟ್ಟಿದ್ದೀಯಾ? ಯಾವಾಗ ನೋಡಿದ್ರೂ ಅದರ ಮುಖವೇ ನೋಡ್ತೀಯಲ್ಲ?" ಎಂದಳು.

"ಹುಡುಗ್ರ ಮಾರಿ ನೋಡಿದ್ರ ನಂಗ ಪಾಠ ಮರ್ತ ಹೋಗ್ತದ್ರಿ," ಎಂದ ಅವನು. "ಬೋರ್ಡ್ ಪಾಪ, ಏನೂ ಅನ್ನಂಗಿಲ್ಲ."

ಐರ್ಲೆಂಡಿನವನಿಗೆ ನಮ್ಮ ಭಾಷೆಯಲ್ಲಿ ಬರುವುದು 'ಹಾಕಿ', 'ಸಾಕು', 'ಇನ್ನೊಂಚೂರು' ಅಷ್ಟೇ. ಆದರೂ ಮಾತಿನ ಜಾಡು ಹಿಡಿದು ಹಿಂದಕ್ಕೆ ತಿರುಗಿದ. "ನಾವೇ ಹುಡುಗರಾಗೋಣ," ಎಂದ ಇಂಗ್ಲಿಷಿನಲ್ಲಿ. "ಇಷ್ಟು ವರ್ಷ ಕೆಟ್ಟ ವಿದ್ಯಾರ್ಥಿಗಳನ್ನು ನೋಡಿ ನೋಡಿ ಎಲ್ಲ ಕಲಿತಿದ್ದೇನೆ. ಒಂದು ಅವಕಾಶ ಕೊಡಿ."

ನಾವು ತಂಗಿದ್ದು ಕಡಲ ದಂಡೆಗೆ ಅಂಟಿಕೊಂಡ ಒಂದು ಹೋಮ್‌ಸ್ಟೇಯಲ್ಲಿ. ಅದರ ಯಜಮಾನಿಯನ್ನು ಎಲ್ಲರೂ ಮಕ್‌ಚಿಕ್ ಎನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ಮನೆಯ ಮುಂದೆ ಕಾಡುಬಾದಾಮಿ ಮರದ ಕೆಳಗೆ ಒಂದರ ಹಿಂದೊಂದು ಸಿಮೆಂಟಿನ ಬೆಂಚುಗಳು. ತರಗತಿಗೆ ಇನ್ನೇನು ಬೇಕು? ಬೋರ್ಡು ಬೇಕಿತ್ತು. ಅದನ್ನು ಸಮುದ್ರವೇ ಕೊಟ್ಟಿತು. ಇಳಿತದ ಹೊತ್ತು; ನೀರು ಮುನಿಸಿಕೊಂಡು ಹಿಂದೆ ಸರಿದು, ಬೆಂಚುಗಳ ಮುಂದೆ ಒದ್ದೆ ಮರಳು ಕಪ್ಪಗೆ, ಚಾಪೆ ಹಾಸಿದ ಹಾಗೆ ಬಿದ್ದಿತ್ತು. ಹುಬ್ಬಳ್ಳಿಯವನ ಕೈಗೆ ಒಂದು ಕೋಲು ಕೊಟ್ಟೆವು. ಬೋರ್ಡು ನೆಲದ ಮೇಲಿದ್ದರೆ ಅದಕ್ಕೆ ಮುಖ ಮಾಡಿ ನಮಗೆ ಬೆನ್ನು ತೋರಿಸುವುದು ಹೇಗೆ? ನಮ್ಮ ಕಡೆ ನೋಡದೆ ಅವನಿಗೆ ಗತಿಯಿರಲಿಲ್ಲ.

ಪಾಠದ ವಿಷಯ ಸರಾಸರಿ, ಅಂದರೆ ಆವರೇಜು. "ಗುಡ್ ಮಾರ್ನಿಂಗ್ ಕ್ಲಾಸ್," ಎಂದು ಶುರುಮಾಡಿದ.

"ಸರ್, ಇದು ಪರೀಕ್ಷೆಗೆ ಬರುತ್ತಾ?" ಐರ್ಲೆಂಡಿನವನ ಕೈ ಮೇಲೆ.

"ಇನ್ನೂ ಏನೂ ಹೇಳೇ ಇಲ್ಲಲ್ರಿ!"

"ಹಾಗಾದರೆ ಟಾಯ್ಲೆಟ್, ಸರ್."

ಅವನು ಟಾಯ್ಲೆಟ್ಟಿಗೆ ಹೋಗಿ ಐಸ್‌ಕ್ರೀಮ್ ಹಿಡಿದು ಬಂದ. ತನಗೊಬ್ಬನಿಗೇ. ಮಂಗಳೂರಿನವಳು ಬೆಂಚಿನ ಕೆಳಗೆ ಫೋನು ಬಚ್ಚಿಟ್ಟು ಊಟ ತರಿಸುವ ವಿದ್ಯಾರ್ಥಿನಿಯ ಪಾತ್ರ ಮಾಡುತ್ತಾ ಮಾಡುತ್ತಾ ನಿಜವಾಗಿಯೂ ಊಟ ತರಿಸಿಬಿಟ್ಟಳು. ಮೋಟಾರ್‌ಸೈಕಲ್ಲಿನವರು ಬಂದು "ತಪಾವ್ ಯಾರದ್ದು?" ಎಂದು ಕೂಗಿ, ಆ ಪಾರ್ಸೆಲ್ ಪೊಟ್ಟಣವನ್ನು ಸೀದಾ ಮೇಷ್ಟ್ರ ಕೈಗೇ ಕೊಟ್ಟು ಹೋದರು. ಹುಬ್ಬಳ್ಳಿಯವನು ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬಿಸಿ ಮೀನಿನ ಪೊಟ್ಟಣ ಹಿಡಿದು, "ಸಾರಿ, ಇದು ನಿಮ್ದೇನ್ರಿ?" ಎಂದ.

"ಸಾರಿ ಹೇಳ್ಬೇಡ್ವೋ!" ಮೂವರೂ ಒಟ್ಟಿಗೆ ಅರಚಿದೆವು. 'ಹೇಳ್ಬೇಡ್ವೋ' ಐರ್ಲೆಂಡಿನವನ ಬಾಯಲ್ಲಿ ಹೇಗೆ ಬಂತೋ ದೇವರೇ ಬಲ್ಲ.

ಪೊಟ್ಟಣ ಬೆಂಚಿನ ಮೇಲಿಟ್ಟು ಅವನು ಪುಸ್ತಕದಲ್ಲಿದ್ದ ಅಮೆರಿಕದವರ ಸರಾಸರಿ ಸಂಬಳದ ಲೆಕ್ಕ ಶುರುಮಾಡಿದ. ಇಂಥ ಅಮೆರಿಕದ ಉದಾಹರಣೆ ಬೇಡ, ಎದುರಿಗೆ ಕಾಣುವುದನ್ನು ಹೇಳು ಎಂದು ನಾನು ಹಿರಿತನ ಮಾಡಿದೆ. ಅವನು ಐರ್ಲೆಂಡಿನವನನ್ನೇ ಅಳತೆಗೋಲು ಮಾಡಿ, ಆಳದ ಸರಾಸರಿ ತೆಗೆಯಲು ನೀರಿಗೆ ಕಳಿಸಿದ. ಒಂದು ಕಡೆ ನೀರು ಪಾದಕ್ಕೆ ಬಂತು, ಸ್ವಲ್ಪ ಆಚೆ ಮೊಣಕಾಲಿಗೆ, ಅದಕ್ಕೂ ಆಚೆ ಅವನು ಬೇಕೆಂದೇ ಮಂಡಿಯೂರಿ ಗಂಟಲವರೆಗೆ ತೋರಿಸಿ, "ಕಾಪಾಡಿ!" ಎಂದು ಚೀರಿದ. ಪಕ್ಕದಲ್ಲಿ ಚಾಪೆ ಹಾಸಿ ಉಣ್ಣುತ್ತಿದ್ದ ಒಂದು ಸಂಸಾರ ಎದ್ದೇ ಬಿಟ್ಟಿತು. "ಕ್ಲಾಸ್, ಕ್ಲಾಸ್! ಡೋಂಟ್ ವರಿ ಲಾ," ಎಂದು ಮಂಗಳೂರಿನವಳು ಇಲ್ಲಿಯವರ 'ಲಾ' ಬಾಲ ಸೇರಿಸಿ ಅವರನ್ನು ಸಮಾಧಾನ ಮಾಡಿದಳು. ಅವರು ಸಮಾಧಾನವಾಗಿ, ತಟ್ಟೆ ಎತ್ತಿಕೊಂಡು, ನಮ್ಮ ಹತ್ತಿರಕ್ಕೇ ಸರಿದು ಕೂತರು. ಮಕ್‌ಚಿಕ್ ಕೂಡ ಹಸಿರು ಬಣ್ಣದ ಸಿಹಿಯ ತಟ್ಟೆ ಹಿಡಿದು ಬಂದು ಮುಂದಿನ ಬೆಂಚಿನಲ್ಲಿ ಕೂತರು. ತರಗತಿ ತುಂಬಿತು.

ಇಷ್ಟು ಜನ ಸೇರಿದ್ದು ನೋಡಿ ಹುಬ್ಬಳ್ಳಿಯವನ ಧ್ವನಿ ಮತ್ತೆ ಒಳಕ್ಕೆ ಹೋಯಿತು. ಕೋಲಿನಿಂದ ಮರಳು ಗೀರುತ್ತಾ ಏನೋ ಗೊಣಗತೊಡಗಿದ. ನಿಜ ಹೇಳುತ್ತೇನೆ, ಆಗ ಹಿಂದಿನ ಬೆಂಚಿನಲ್ಲಿದ್ದ ನಾನೂ ಮಂಗಳೂರಿನವಳೂ ನಾಟಕ ಮರೆತಿದ್ದೆವು. ಪುಳಿಯೋಗರೆಗೆ ಎಳ್ಳು ಹುರಿದು ಹಾಕುವುದೋ ಹಸಿಯದೋ ಎಂಬ ಗಂಭೀರ ವಿಷಯ ಬಂದಿತ್ತು.

"ಹಸಿ ಎಳ್ಳಾ? ಅದು ಎಂತ ಪುಳಿಯೋಗರೆ ಮಾರಾಯ್ರೆ, ಪಿತೃಕಾರ್ಯವಾ?" ಎಂದಳು ಅವಳು.

"ಕೋಳಿ ತಿನ್ನೋಳು ನಂಗೆ ಪುಳಿಯೋಗರೆ ಹೇಳ್ಕೊಡ್ತೀಯೇನೇ?" ಎಂದೆ ನಾನು.

"ಏ ಹಿಂದಿನ ಬೆಂಚು! ಎದ್ ನಿಂದರ್ರಿ!"

ಸಿಡಿಲು. ಕಾಡುಬಾದಾಮಿ ಮರದಿಂದ ಮೈನಾ ಹಕ್ಕಿಗಳು ಹಾರಿದವು. ನಾನು ಎದ್ದು ನಿಂತೆ. ಮಂಗಳೂರಿನವಳು ಎದ್ದು ನಿಂತಳು. ಮಕ್‌ಚಿಕ್ ತಟ್ಟೆ ಸಮೇತ ಎದ್ದು ನಿಂತರು. ಚಾಪೆಯ ಸಂಸಾರ ಅಜ್ಜನಿಂದ ಹಿಡಿದು ಮೊಮ್ಮಗುವಿನವರೆಗೆ ಎದ್ದು ನಿಂತಿತು. ನೀರಿನಲ್ಲಿ ಮಂಡಿಯೂರಿದ್ದ ಐರ್ಲೆಂಡಿನವನೂ ಎದ್ದು, ಅಟೆನ್ಷನ್ನಿನಲ್ಲಿ ನಿಂತ. ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಕನ್ನಡ ಬಾರದು, ಎಲ್ಲರಿಗೂ ಅರ್ಥವಾಗಿತ್ತು.

ಹುಬ್ಬಳ್ಳಿಯವನೇ ಎಲ್ಲರಿಗಿಂತ ಹೆಚ್ಚು ಹೆದರಿದ್ದ. ಕೋಲು ಕೆಳಗೆ ಬಿದ್ದಿತ್ತು. "ಅದು ನಾ ಅಲ್ರೀ ಅಕ್ಕಾರ," ಎಂದ. "ನಮ್ಮಪ್ಪಾರು. ಕನ್ನಡ ಸಾಲಿ ಮಾಸ್ತರ್ ಇದ್ರು. ಹಿಂಗ ಒದರಿದ್ರ ಬಾಜೂ ಸಾಲಿ ಹುಡುಗ್ರೂ ಎದ್ ನಿಲ್ತಿದ್ರು."

"ಅವರನ್ನೇ ಸೋಮವಾರ ಕರ್ಕೊಂಡು ಬಾ," ಎಂದೆ.

ಆಮೇಲೆ ಆ ಗಂಟಲು ಮತ್ತೆ ಮುಚ್ಚಲೇ ಇಲ್ಲ. ನೀರು ಏರಿ ಬಂದು ಬೋರ್ಡನ್ನು ತಾನೇ ಒರೆಸಿಕೊಂಡು ಹೋಗುವವರೆಗೆ ಪಾಠ ನಡೆಯಿತು. ಚಾಪೆಯ ಅಜ್ಜ ಒಂದು ಪ್ರಶ್ನೆಯನ್ನೂ ಕೇಳಿದರು. ಭಾನುವಾರ ತಿಂಡಿಯ ಹೊತ್ತಿಗೆ ನಾವು ಇಬ್ಬರು ಹೆಂಗಸರು ಬಾಯಿ ತೆರೆದರೆ ಸಾಕು, ಹುಬ್ಬಳ್ಳಿಯವನು ತಿರುಗಿಯೂ ನೋಡದೆ, "ಹಿಂದಿನ ಬೆಂಚು!" ಎನ್ನುತ್ತಿದ್ದ; ನಾವು ಮಕ್‌ಚಿಕ್ ಕೊಟ್ಟ ಇಡ್ಲಿಯಂಥ ಅನ್ನದ ಉಂಡೆ ಕೈಯಲ್ಲಿ ಹಿಡಿದೇ ಎದ್ದು ನಿಲ್ಲುತ್ತಿದ್ದೆವು. ವಾಪಸು ಬರುವಾಗ ಕಾರಿನಲ್ಲೂ ಅಂದ. ಸ್ಟಿಯರಿಂಗ್ ಹಿಡಿದವಳು ಏಳಲು ಹೋದಳು. ಅಲ್ಲಿಗೆ ಅಭ್ಯಾಸ ನಿಲ್ಲಿಸಿದೆವು.

ಸೋಮವಾರ ಡೀನ್ ಜೊತೆ ಕೂತು ನೋಡಲು ಹಿರಿಯ ಅಧ್ಯಾಪಕರೊಬ್ಬರು ಬೇಕಿತ್ತು. ನನ್ನನ್ನೇ ಕರೆದರು. ಡೀನ್ ಇಪೊ ಊರಿನ ಕಡೆಯವರು, ಚೀನೀ ಮೂಲದವರು, ಬೆಣ್ಣೆಯಂಥ ಮೃದು ಮಾತು. ಅವರು ಕೋಟು ಸರಿಮಾಡಿಕೊಂಡು ಕೊನೆಯ ಸಾಲಿನಲ್ಲಿ ಕೂತರು, ನಾನು ಪಕ್ಕದಲ್ಲಿ. ಹುಬ್ಬಳ್ಳಿಯವನು ಬಂದ. ಧ್ವನಿ ಪರವಾಗಿಲ್ಲ, ಮೂರನೆಯ ಸಾಲಿನವರೆಗೆ ಬರುತ್ತಿತ್ತು. ಆದರೆ ಗೋಡೆಯ ಮೇಲೆ ಬೋರ್ಡು ಕಂಡಿದ್ದೇ ಹಳೆಯ ಪ್ರೀತಿ ಉಕ್ಕಿತು. ನಮಗೆ ಬೆನ್ನು ಹಾಕಿ ಬರೆಯಲು ನಿಂತ. ಮುಂದಿನ ಸಾಲಿನಲ್ಲಿ ಫೋನುಗಳು ಹೊರಬಂದವು. ನನ್ನ ಕಣ್ಣಿಗೆ ಆ ಮನೆಯ ಪರದೆ, ಹಂಚು ಎಲ್ಲ ಬಂತು. 'ತಿರುಗೋ, ತಿರುಗೋ' ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಆಗ ಡೀನ್ ನನ್ನ ಕಡೆ ಬಾಗಿ, "ಏಸಿ ತುಂಬಾ ತಣ್ಣಗಿದೆ, ಅಲ್ವಾ?" ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು.

"ಹೌದು ಸರ್, ಸ್ವೆಟರ್ ತರಬೇಕಿತ್ತು," ಎಂದೆ.

"ಏ ಹಿಂದಿನ ಬೆಂಚು! ಎದ್ ನಿಂದರ್ರಿ!"

ತಿರುಗಿಯೂ ನೋಡಿರಲಿಲ್ಲ ಮಹರಾಯ. ಎರಡು ದಿನದ ಅಭ್ಯಾಸ, ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ನಾನು ಎದ್ದು ನಿಂತೆ. ನನ್ನನ್ನು ನೋಡಿ ಡೀನ್ ಕೂಡ ಗಡಬಡಿಸಿ ಎದ್ದು ನಿಂತರು. ಅವರೂ ಒಂದು ಕಾಲದಲ್ಲಿ ಯಾವುದೋ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತವರೇ ಇರಬೇಕು. ಎಲ್ಲ ಫೋನುಗಳೂ ಒಳಗೆ ಹೋದವು.

ಹುಬ್ಬಳ್ಳಿಯವನು ತಿರುಗಿದ. ಡೀನ್ ನಿಂತಿರುವುದನ್ನು ಕಂಡ. ಬಾಯಿ 'ಸಾ...' ಎಂದು ತೆರೆದದ್ದು ಕಂಡು ನಾನು ಅಲ್ಲಿಂದಲೇ ಕಣ್ಣು ಕೆಕ್ಕರಿಸಿದೆ. ಬಾಯಿ ಮುಚ್ಚಿತು. ಅವನು ಮಾರ್ಕರ್ ಪೆನ್ನನ್ನು ಡೀನ್ ಕಡೆಗೇ ಚಾಚಿ ಇಂಗ್ಲಿಷಿನಲ್ಲಿ ಕೇಳಿದ: "ಸರ್, ಸಮುದ್ರದ ಸರಾಸರಿ ಆಳ ಮೊಣಕಾಲಷ್ಟು. ನಿಮಗೆ ಈಜು ಬರುವುದಿಲ್ಲ. ಇಳಿಯುತ್ತೀರಾ?"

ಡೀನ್ ಕೋಟಿನ ಗುಂಡಿ ಬಿಚ್ಚಿದರು. "ಎಲ್ಲಿ ಇಳಿಯಬೇಕು ಅಂತ ಮೊದಲು ಹೇಳು ಲಾ," ಎಂದರು.

ಇಡೀ ತರಗತಿ ನಕ್ಕಿತು. "ಅದೇ! ಅದೇ ಇವತ್ತಿನ ಪಾಠ!" ಎಂದು ಹುಬ್ಬಳ್ಳಿಯವನು ಮೇಜು ಗುದ್ದಿದ. ಆಮೇಲೆ ಗಂಟೆ ಮುಗಿಯುವವರೆಗೆ ಬೋರ್ಡಿಗೆ ಅವನ ಬೆನ್ನೇ ಕಂಡದ್ದು. ಸಂಭ್ರಮದಲ್ಲಿ ನಮ್ಮಿಬ್ಬರಿಗೆ ಕೂತ್ಕೊಳ್ಳಿ ಅನ್ನುವುದನ್ನು ಮರೆತೇಬಿಟ್ಟ. ನಾವು ನಿಂತೇ ಇದ್ದೆವು.

ಕೆಲಸ ಕಾಯಂ ಆಯಿತು. ಹೆಂಡತಿ ಬಂದಳು, ಬರುವಾಗ ಜೋಳದ ಹಿಟ್ಟನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಮುಂದಿನ ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದರು. ನಾವು ಮೂವರೂ ನೆಲದ ಮೇಲೆ ಸಾಲಾಗಿ ಕೂತಿದ್ದೆವು. ಒಳಗೆ ಹಂಚಿನ ಮೇಲೆ ಮೊದಲ ರೊಟ್ಟಿ ಉಬ್ಬುತ್ತಿತ್ತು. ಡೀನ್ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಗೋಡೆಗೆ ಒರಗಿ ನಿಂತರು, ಕೂರಲೇ ಇಲ್ಲ.

"ಕೂತ್ಕೊಳ್ರಿ ಸರ್," ಎಂದು ಹುಬ್ಬಳ್ಳಿಯವನು ಕೈ ತೋರಿಸಿದ.

"ಹೇಳಲಿ ಅಂತ ಕಾಯುತ್ತಿದ್ದೆ," ಎಂದು ಡೀನ್ ನನ್ನ ಪಕ್ಕದಲ್ಲಿ ಕೂತರು. ಮೊದಲ ರೊಟ್ಟಿ ಅವರ ತಟ್ಟೆಗೆ ಬಿತ್ತು.